ಪಣಪುಳಿ ಹಣ್ಣು, ಅಜ್ಜಿಯ ಒಲೆ: ಕೊಡಗಿನ ಮಣ್ಣಿನಲ್ಲಿ ನೆನಪಿನ ಶಿಲ್ಪ ಮಾಡುವ ಬಗೆ

ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ, ಮಳೆ ಹಿಡಿದ ದಿನಗಳಲ್ಲಿ ನನ್ನ ಅಜ್ಜಿ ತೋಟದಲ್ಲಿ ಉದುರಿದ ಪಣಪುಳಿ ಹಣ್ಣುಗಳನ್ನು ಹೆಕ್ಕಿ ತಂದು ಬಿದಿರಿನ ಬುಟ್ಟಿಯಲ್ಲಿ ರಾಶಿ ಹಾಕುತ್ತಿದ್ದರು. ಬುಟ್ಟಿಯ ಕೆಳಗೊಂದು ಪಾತ್ರೆ. ಹಣ್ಣು ಮೆತ್ತಗಾಗುತ್ತ ಬಂದಂತೆ ರಸ ತೊಟ್ಟಿಕ್ಕಿ ಪಾತ್ರೆ ತುಂಬುತ್ತಿತ್ತು. ಆ ರಸವನ್ನು ಮಣ್ಣಿನ ಮಡಕೆಗೆ ಸುರಿದು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿದರೆ ಕಪ್ಪಗೆ, ಮಂದಗೆ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿಯಾಗುತ್ತಿತ್ತು. ಮನೆಯಿಡೀ ಹುಳಿ ವಾಸನೆ, ಹೊಗೆ, ಹೊರಗೆ ಬಿಡದ ಮಳೆ. ಅಜ್ಜಿ ಹೋಗಿ ವರ್ಷಗಳಾದವು. ಅವರ ಮುಖ ನೆನಪಿಸಿಕೊಳ್ಳಲು ಈಗ ಫೋಟೋ ನೋಡಬೇಕು. ಆದರೆ ಆ ಹಣ್ಣಿನ ಏಣುಗಳು ಅಂಗೈಗೆ ತಾಗುತ್ತಿದ್ದ ಬಗೆ ಇಂದಿಗೂ ಕೈಯಲ್ಲೇ ಇದೆ.

ನನಗೆ ಸಮಾಧಾನ ತಂದ ಮೊದಲ ಶಿಲ್ಪ ಹುಟ್ಟಿದ್ದು ಅಲ್ಲಿಂದ. ಅದಕ್ಕೂ ಮೊದಲು ಅಂತರ್ಜಾಲದಲ್ಲಿ ಕಂಡ ಹೂ, ಹಕ್ಕಿ, ಎಲೆಗಳನ್ನು ನೋಡಿ ಮಾಡಿದ್ದೆಲ್ಲ ಅಚ್ಚುಕಟ್ಟಾಗಿತ್ತು, ಆದರೆ ಯಾರು ಬೇಕಾದರೂ ಮಾಡಬಹುದಾದದ್ದಾಗಿತ್ತು. ನೀವು ಮನೆಯಲ್ಲೇ, ನಮ್ಮ ಗದ್ದೆಯ ಮಣ್ಣಿನಲ್ಲೇ, ನಿಮ್ಮದೇ ಒಂದು ನೆನಪನ್ನು ಶಿಲ್ಪವಾಗಿಸಬೇಕೆಂದಿದ್ದರೆ ಅದನ್ನು ಹೇಗೆ ಮಾಡಬಹುದು ಎಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನನ್ನ ಪಣಪುಳಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮೊದಲು ಕೈಗೆ ಕೇಳಿ

ಕಾಗದ, ಪೆನ್ಸಿಲ್ ಆಮೇಲೆ. ಮೊದಲು ನಿಂಬೆಹಣ್ಣಿನಷ್ಟು ಹದವಾದ ಮಣ್ಣಿನ ಐದು ಉಂಡೆ ಮಾಡಿಟ್ಟುಕೊಳ್ಳಿ. ಕಣ್ಣು ಮುಚ್ಚಿ, ಬಾಲ್ಯದಲ್ಲಿ ಕೈಯಿಂದ ಮುಟ್ಟಿದ ಒಂದು ವಸ್ತುವನ್ನು ನೆನೆಯಿರಿ. ಕಾಫಿ ಕಣದಲ್ಲಿ ಕಾಲಡಿ ಉರುಳುತ್ತಿದ್ದ ಒಣ ಚೆರಿ, ಬಾವಿಕಟ್ಟೆಯ ಪಾಚಿ, ದನದ ಕೊರಳ ಮರದ ಗಂಟೆ, ಜರೀಗಿಡದ ಜಾತಿಯ ತೆರ್ಮೆ ಸೊಪ್ಪಿನ ಸುರುಳಿ ಚಿಗುರು, ಯಾವುದಾದರೂ ಸರಿ. ಕಣ್ಣು ತೆರೆಯದೆ ಮೂರು ನಿಮಿಷ ಉಂಡೆಯನ್ನು ಒತ್ತಿ, ಹಿಸುಕಿ, ಚಿವುಟಿ. ಮೂರು ನಿಮಿಷಕ್ಕೆ ನಿಲ್ಲಿಸಿ ಪಕ್ಕಕ್ಕಿಡಿ. ಮುಂದಿನ ಉಂಡೆಗೆ ಬೇರೆ ನೆನಪು.

ಐದೂ ಮುಗಿದ ಮೇಲೆ ಸಾಲಾಗಿ ಇಟ್ಟು ನೋಡಿದರೆ ನಾಲ್ಕು ಬರೀ ಮುದ್ದೆಯಾಗಿರುತ್ತವೆ. ಒಂದರಲ್ಲಿ ಮಾತ್ರ ಏನೋ ಇರುತ್ತದೆ. ನನ್ನದರಲ್ಲಿ ಬೆರಳುಗಳ ನಡುವೆ ಎದ್ದು ನಿಂತ ಏಣುಗಳಿದ್ದವು. ನಾನು ಹಣ್ಣನ್ನು ಮಾಡಲು ಹೊರಟಿರಲಿಲ್ಲ, ಬುಟ್ಟಿಯಿಂದ ಹಣ್ಣನ್ನು ಎತ್ತಿಕೊಡುವಾಗಿನ ಹಿಡಿತವನ್ನು ನೆನೆಯುತ್ತಿದ್ದೆ. ಆ ಉಂಡೆಯನ್ನು ಒಣಗಿಸಿ ಇಟ್ಟುಕೊಳ್ಳಿ. ಮುಂದೆ ದೊಡ್ಡ ಶಿಲ್ಪ ಕಟ್ಟುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಹಿಗ್ಗಿಸಬೇಕು ಎಂಬ ಗೊಂದಲ ಬಂದಾಗಲೆಲ್ಲ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು.

ಅಳತೆಯನ್ನೂ ಈಗಲೇ ತೀರ್ಮಾನಿಸಿ. ಐದು ವರ್ಷದ ಮಗುವಿನ ಕೈಯಲ್ಲಿ ಪಣಪುಳಿ ದೊಡ್ಡ ಹಣ್ಣು. ಇಂದಿನ ನನ್ನ ಕೈಯಲ್ಲಿ ಅದು ಚಿಕ್ಕದು. ನೆನಪು ಮಗುವಿನದ್ದಾದರೆ ಗಾತ್ರವೂ ಮಗುವಿನ ಲೆಕ್ಕದಲ್ಲೇ ಇರಲಿ. ನಾನು ಹಣ್ಣನ್ನು 25 ಸೆಂಟಿಮೀಟರ್ ಎತ್ತರಕ್ಕೆ, ಎರಡೂ ಕೈಯಲ್ಲಿ ತಬ್ಬಿ ಹಿಡಿಯಬೇಕಾದಷ್ಟು ದೊಡ್ಡದಾಗಿ ಮಾಡಿದೆ. ಮೊದಲ ಸಲ ಮಾಡುವವರು ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಆಮೇಲೆ ಮರದ ಬುಡಕ್ಕೆ ಹೋಗಿ

ನೆನಪು ಒಂದನ್ನು ಹಿಡಿದಿಟ್ಟುಕೊಂಡರೆ ಹತ್ತನ್ನು ಮರೆತಿರುತ್ತದೆ. ಅದಕ್ಕೆ ನಿಜವಾದ ವಸ್ತುವನ್ನು ಹುಡುಕಿಕೊಂಡು ಹೋಗಲೇಬೇಕು. ಪಣಪುಳಿಗೆ ಮಲೆನಾಡಿನ ಬೇರೆ ಕಡೆ ಉಪ್ಪಾಗೆ ಎನ್ನುತ್ತಾರೆ. ಪುನರ್ಪುಳಿಯ ಹತ್ತಿರದ ಬಂಧು. ಆದರೆ ಪುನರ್ಪುಳಿ ನುಣ್ಣಗೆ ದುಂಡಗಿದ್ದರೆ ಇದಕ್ಕೆ ಪುಟ್ಟ ಸಿಹಿಗುಂಬಳದ ಹಾಗೆ ಉದ್ದಕ್ಕೂ ಏಣು ಮತ್ತು ತಗ್ಗು. ಮಳೆಗಾಲದಲ್ಲಿ ಹಣ್ಣಾಗಿ ಹಳದಿಗೆ ತಿರುಗಿ ಉದುರುತ್ತದೆ. ಒಂದನ್ನು ಅಡ್ಡಕ್ಕೆ ಕೊಯ್ದು ನೋಡಿದಾಗಲೇ ನನಗೆ ಗೊತ್ತಾದದ್ದು: ಏಣುಗಳು ಒಂದೇ ಅಳತೆಯಲ್ಲಿಲ್ಲ. ಒಂದು ಉಬ್ಬಿದ್ದರೆ ಪಕ್ಕದ್ದು ಒತ್ತಿಕೊಂಡಿರುತ್ತದೆ. ತೊಟ್ಟಿನ ಬಳಿ ಎಲ್ಲವೂ ಒಳಕ್ಕೆ ಸೇರಿ ಒಂದು ಕುಳಿ. ನಾನು ನೆನಪಿನಿಂದ ಮಾತ್ರ ಮಾಡಿದ್ದರೆ ಎಲ್ಲ ಏಣುಗಳನ್ನೂ ಸಮನಾಗಿ ಮಾಡಿ ಪ್ಲಾಸ್ಟಿಕ್ ಆಟಿಕೆಯಂತಾಗಿಸುತ್ತಿದ್ದೆ.

ಹೋಗುವಾಗ ಒಂದು ಮುದ್ದೆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಿರಿ. ಮರದ ತೊಗಟೆ, ಕಲ್ಲು, ಎಲೆಯ ಬೆನ್ನು, ಎಲ್ಲದರ ಮೇಲೆ ಒತ್ತಿ ಅಚ್ಚು ತೆಗೆದುಕೊಳ್ಳಿ. ನಮ್ಮ ಕಡೆ ಬೆಳೆದವರಿಗೆ ಅಚ್ಚು ಹೊಸತೇನಲ್ಲ. ಶಾಲೆಯಿಂದ ಬರುವಾಗ ದಾರಿ ಬದಿಯ ಮಣ್ಣಿನ ದರೆಯ ಮೇಲಿನ ಜರೀಗಿಡದ ಎಲೆ ಕಿತ್ತು, ಅದರ ಬೆಳ್ಳಗಿನ ಬೆನ್ನನ್ನು ಮುಂಗೈಗೆ ಇಟ್ಟು ಫಟ್ಟನೆ ಹೊಡೆದರೆ ಎಲೆಯ ಇಡೀ ಚಿತ್ತಾರ ಬಿಳಿ ಪುಡಿಯಲ್ಲಿ ಮೂಡುತ್ತಿತ್ತಲ್ಲ, ಅದೇ ಕೆಲಸ. ಅದೇ ಎಲೆಯನ್ನು ಹಸಿ ಮಣ್ಣಿನ ಹಾಳೆಯ ಮೇಲೆ ಇಟ್ಟು ಲಟ್ಟಣಿಗೆ ಉರುಳಿಸಿ ನೋಡಿ, ನರ ನರವೂ ಮೂಡುತ್ತದೆ. ಈ ಅಚ್ಚುಗಳನ್ನು ಒಣಗಿಸಿ ಸುಟ್ಟಿಟ್ಟುಕೊಂಡರೆ ಮುಂದೆ ಮುದ್ರೆಯಾಗಿ ಬಳಸಬಹುದು.

ಒಂದು ಮಾತು. ದೇವರಕಾಡಿನಿಂದ ಎಲೆ, ಕಲ್ಲು, ಮಣ್ಣು ಯಾವುದನ್ನೂ ತರಬೇಡಿ. ಅಲ್ಲಿಗೆ ನೋಡಲು ಹೋಗಿ. ಕೊಡಗಿನಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಯನ್ನು ಹರಕೆ ಒಪ್ಪಿಸುವ ಪದ್ಧತಿ ಇದೆ. ನಾಪೋಕ್ಲು ಬಳಿಯ ಬೇತು ಗ್ರಾಮದ ಮಕ್ಕಿ ಶಾಸ್ತಾವು ಸನ್ನಿಧಿ ಈ ಹರಕೆಗೆ ಹೆಸರಾದದ್ದು. ಬೇಟೆಯ ದೇವರಿಗೆ ಬೇಟೆನಾಯಿ. ವರ್ಷ ವರ್ಷ ಒಪ್ಪಿಸಿದ ನಾಯಿಗಳು ಮಳೆಗೆ ನೆಂದು, ಪಾಚಿ ಹಿಡಿದು, ಕೆಲವು ಮುರಿದು ಮತ್ತೆ ಮಣ್ಣಿಗೆ ಸೇರುತ್ತವೆ. ಮಣ್ಣಿನ ಶಿಲ್ಪವೆಂದರೆ ನಗರದ ಗ್ಯಾಲರಿಯ ಕಲೆ ಎಂದುಕೊಂಡಿದ್ದ ನನಗೆ ಆ ನಾಯಿಗಳ ಮುಂದೆ ನಿಂತಾಗ ಧೈರ್ಯ ಬಂತು. ಕೂದಲು, ಹಲ್ಲು ಯಾವುದನ್ನೂ ಬಿಡಿಸದೆ, ಕೆಲವೇ ಒತ್ತುಗಳಲ್ಲಿ ಅದು ನಾಯಿಯೇ ಎಂದು ತೋರಿಸುವ ಕೈಚಳಕವನ್ನು ಅಲ್ಲಿ ಕಲಿಯಬಹುದು.

ಮಣ್ಣು: ಗದ್ದೆಯದ್ದು, ದರೆಯದ್ದಲ್ಲ

ತೋಟದ ದರೆಯಲ್ಲಿ ಕಾಣುವ ಕೆಂಪು ಮಣ್ಣು ಕಣ್ಣಿಗೆ ಚೆನ್ನ, ಆದರೆ ಅದರಲ್ಲಿ ಕಬ್ಬಿಣದ ಅಂಶವೂ ಜಲ್ಲೂ ಹೆಚ್ಚು, ಅಂಟು ಕಡಿಮೆ. ಬತ್ತಿ ಹೊಸೆದರೆ ತುಂಡಾಗುತ್ತದೆ. ಬೆಟ್ಟದಿಂದ ಮಳೆನೀರು ತೊಳೆದು ತಂದ ನಯವಾದ ಕಣಗಳು ತಗ್ಗಿನಲ್ಲಿ, ಅಂದರೆ ಭತ್ತದ ಗದ್ದೆಯಲ್ಲಿ ತಂಗಿರುತ್ತವೆ. ಶಿಲ್ಪಕ್ಕೆ ಬೇಕಾದದ್ದು ಆ ಮಣ್ಣು. ಕೊಯ್ಲು ಮುಗಿದ ಮೇಲೆ ನಿಮ್ಮದೇ ಗದ್ದೆಯ ಮೂಲೆಯಲ್ಲಿ ಅಥವಾ ಗದ್ದೆಯವರನ್ನು ಕೇಳಿ, ಬೇರು, ಗೊಬ್ಬರ ತುಂಬಿದ ಮೇಲ್ಮಣ್ಣನ್ನು ಸರಿಸಿ ಅದರಡಿಯ ಜಿಗುಟು ಮಣ್ಣನ್ನು ಎರಡು ಬಕೆಟ್ ತೆಗೆದುಕೊಳ್ಳಿ. ಗುಂಡಿಯನ್ನು ಮತ್ತೆ ಮುಚ್ಚಿ ಬನ್ನಿ.

ಮೂರು ಪರೀಕ್ಷೆ ಮಾಡಿ. ಮೊದಲನೆಯದು, ಪೆನ್ಸಿಲ್ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಅಂಟು ಸಾಕಷ್ಟಿದೆ. ಎರಡನೆಯದು, ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಮಣ್ಣು ಹಾಕಿ ನೀರು ತುಂಬಿ ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ಪದರವಾಗಿ ನಿಲ್ಲುವುದರಿಂದ ಯಾವುದು ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ. ಮೂರನೆಯದನ್ನು ಯಾರೂ ತಪ್ಪಿಸಬಾರದು: ಮಣ್ಣಿನ ಒಂದು ಪಟ್ಟಿ ಮಾಡಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಕೊರೆಯಿರಿ. ಪೂರ್ತಿ ಒಣಗಿದ ಮೇಲೆ ಅಳೆದರೆ 9.4 ಬಂದರೆ ಆ ಮಣ್ಣು ನೂರಕ್ಕೆ 6ರಷ್ಟು ಕುಗ್ಗುತ್ತದೆ ಎಂದರ್ಥ. ಅದು ಒಳ್ಳೆಯ ಮಣ್ಣು. 9 ಅಥವಾ ಅದಕ್ಕೂ ಕಡಿಮೆ ಬಂದರೆ ಶಿಲ್ಪ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಮುಂದೆ ಹೇಳುವ ಇಟ್ಟಿಗೆ ಪುಡಿಯನ್ನು ಹೆಚ್ಚು ಬೆರೆಸಿ ಸರಿಪಡಿಸಬೇಕು.

ಮಣ್ಣನ್ನು ಶುದ್ಧ ಮಾಡುವ ಕ್ರಮ ಹೀಗೆ. ಮೊದಲು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಹೆಂಟೆಗಳನ್ನು ಒಡೆಯಿರಿ. ಅರೆಹಸಿ ಮಣ್ಣು ನೀರಿನಲ್ಲಿ ಬೇಗ ಕರಗುವುದಿಲ್ಲ, ಪೂರ್ತಿ ಒಣಗಿದ ಮಣ್ಣು ನೀರಿಗೆ ಬಿದ್ದೊಡನೆ ಗುಳುಗುಳು ಎಂದು ತಾನಾಗಿ ಕುಸಿಯುತ್ತದೆ. ಒಂದು ರಾತ್ರಿ ನೆನೆಸಿ, ಗಂಜಿಯಂತಾದ ಮೇಲೆ ಸೊಳ್ಳೆಪರದೆಯ ಬಟ್ಟೆಯಲ್ಲಿ ಸೋಸಿ. ಎರಡು ದಿನ ತಂಗಲು ಬಿಟ್ಟು ಮೇಲಿನ ತಿಳಿನೀರು ಚೆಲ್ಲಿ. ಉಳಿದದ್ದನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಜಗಲಿಯ ತೊಲೆಗೆ ನೇತುಹಾಕಿದರೆ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೆ ಹದಕ್ಕೆ ಬರುತ್ತದೆ.

ಈಗ ಪುಡಿ ಬೆರೆಸುವ ಕೆಲಸ. ಸುಟ್ಟ ಇಟ್ಟಿಗೆ ಅಥವಾ ಒಡೆದ ಮಡಕೆಯ ಬೋಕಿಯನ್ನು ಕುಟ್ಟಿ, ಹಿಟ್ಟಿನಂತಹ ನಯವಾದ ಭಾಗವನ್ನು ಜರಡಿಯಲ್ಲಿ ಹೊರಗೆ ತೆಗೆದು, ರವೆಯಂತಿರುವುದನ್ನು ಉಳಿಸಿಕೊಳ್ಳಿ. ಐದು ಪಾಲು ಮಣ್ಣಿಗೆ ಒಂದು ಪಾಲು. ಈಗಾಗಲೇ ಸುಟ್ಟು ಕುಗ್ಗಿದ ಕಣಗಳು ಮತ್ತೆ ಕುಗ್ಗುವುದಿಲ್ಲ, ಹಾಗಾಗಿ ಇಡೀ ಶಿಲ್ಪದ ಕುಗ್ಗುವಿಕೆ ತಗ್ಗುತ್ತದೆ, ಒಳಗಿನ ತೇವ ಹೊರಗೆ ಬರಲು ದಾರಿಯೂ ಸಿಗುತ್ತದೆ. ಅಜ್ಜಿಯ ಕಾಚಂಪುಳಿ ಮಡಕೆ ಎಂದೋ ಸೀಳಿ ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಅದರ ಬೋಕಿಯನ್ನು ಕುಟ್ಟಿ ನನ್ನ ಮಣ್ಣಿಗೆ ಬೆರೆಸಿದೆ. ನೋಡುವವರಿಗೆ ಅದು ಗೊತ್ತಾಗುವುದಿಲ್ಲ, ನನಗೆ ಗೊತ್ತು. ನಿಮ್ಮ ಮನೆಯಲ್ಲೂ ಒಡೆದ ಹೂಜಿ, ಹಳೆಯ ಹೆಂಚು ಇದ್ದೇ ಇರುತ್ತದೆ. ಕುಟ್ಟುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಕಡ್ಡಾಯ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಕೆಲಸದ ಜಾಗವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗುವಂತೆ ಚೆನ್ನಾಗಿ ನಾದಿ, ಒದ್ದೆ ಗೋಣಿಯಲ್ಲಿ ಸುತ್ತಿ ಎರಡು ವಾರ ಮರೆತುಬಿಡಿ. ಹಳತಾದ ಮಣ್ಣು ಹೆಚ್ಚು ಬಾಗುತ್ತದೆ.

ಕಟ್ಟುವುದು

ಹಲಗೆಯ ಮೇಲೆ ಹಳೆಯ ಪತ್ರಿಕೆ ಹಾಸಿ. ಇಲ್ಲದಿದ್ದರೆ ತಳ ಹಲಗೆಗೆ ಅಂಟಿ, ಕುಗ್ಗುವಾಗ ಸೀಳುತ್ತದೆ. ಅಂಗೈ ಅಗಲದ, ಒಂದೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆಯೇ ತಳ. ಅದರ ಅಂಚನ್ನು ಫೋರ್ಕಿನಿಂದ ಗೀರಿ, ಮಣ್ಣಿನ ಗಂಜಿ ಸವರಿ, ಹೆಬ್ಬೆರಳು ದಪ್ಪದ ಬತ್ತಿಯನ್ನು ಸುತ್ತಲೂ ಕೂರಿಸಿ. ಒಳಗಿನಿಂದ ಕೆಳಕ್ಕೆ, ಹೊರಗಿನಿಂದ ಮೇಲಕ್ಕೆ ಬೆರಳಿನಿಂದ ಎಳೆದು ಬೆಸೆಯಿರಿ. ಗೀರುವುದು ಮತ್ತು ಗಂಜಿ ಸವರುವುದು, ಇವೆರಡರಲ್ಲಿ ಒಂದನ್ನು ಬಿಟ್ಟರೂ ಆ ಜೋಡಣೆ ಒಣಗುವಾಗ ಬಾಯಿ ಬಿಡುತ್ತದೆ.

ದಿನಕ್ಕೆ ಏಳೆಂಟು ಸೆಂಟಿಮೀಟರ್ ಎತ್ತರ ಸಾಕು. ಅದಕ್ಕೂ ಹೆಚ್ಚು ಏರಿಸಿದರೆ ಕೆಳಗಿನ ಹಸಿ ಗೋಡೆ ಭಾರಕ್ಕೆ ಕುಸಿಯುತ್ತದೆ. ಮೇಲಂಚಿಗೆ ಒದ್ದೆ ಬಟ್ಟೆ ಸುತ್ತಿ, ಉಳಿದದ್ದನ್ನು ಗಾಳಿಗೆ ಬಿಡಿ. ಮರುದಿನ ಕೆಳಭಾಗ ಬಿಗಿದಿರುತ್ತದೆ, ಅಂಚು ಹಸಿಯಾಗಿರುತ್ತದೆ. ಗೋಡೆಯ ದಪ್ಪ ಎಲ್ಲೂ ಎರಡು ಸೆಂಟಿಮೀಟರ್ ದಾಟದಿರಲಿ. ದಪ್ಪಕ್ಕಿಂತ ಮುಖ್ಯವಾದದ್ದು ಸಮತೆ. ಒಂದು ಕಡೆ ಒಂದು, ಇನ್ನೊಂದು ಕಡೆ ಮೂರು ಸೆಂಟಿಮೀಟರ್ ಇದ್ದರೆ ತೆಳುವಾದದ್ದು ಮೊದಲು ಒಣಗಿ ಕುಗ್ಗಿ ದಪ್ಪವಿರುವುದನ್ನು ಎಳೆಯುತ್ತದೆ, ನಡುವೆ ಸೀಳು ಬೀಳುತ್ತದೆ.

ಏಣುಗಳನ್ನು ಹೊರಗಿನಿಂದ ಅಂಟಿಸಬೇಡಿ. ಇದನ್ನು ನಾನು ತಡವಾಗಿ ಕಲಿತೆ. ಅಂಟಿಸಿದ ಏಣು ಅಂಟಿಸಿದ್ದೆಂದೇ ಕಾಣುತ್ತದೆ. ಹಣ್ಣು ಒಳಗಿನಿಂದ ಬೆಳೆದು ಉಬ್ಬಿದ್ದು, ಹಾಗೆಯೇ ಮಣ್ಣನ್ನೂ ಒಳಗಿನಿಂದ ಉಬ್ಬಿಸಬೇಕು. ಗೋಡೆ ಹಸಿಯಾಗಿರುವಾಗಲೇ ಎಡಗೈಯನ್ನು ಹೊರಗೆ ಆನಿಸಿ, ಮರದ ಸೌಟಿನ ಬೆನ್ನಿನಿಂದ ಒಳಗಿನಿಂದ ಮೆಲ್ಲಗೆ ಒತ್ತುತ್ತ ಮೇಲಕ್ಕೆ ಎಳೆಯಿರಿ. ಅದೇ ಹೊತ್ತಿಗೆ ಹೊರಗಿನ ಬೆರಳು ಪಕ್ಕದ ತಗ್ಗನ್ನು ಒಳಕ್ಕೆ ನೂಕುತ್ತದೆ. ಮಣ್ಣು ಬಿಗಿದುಕೊಂಡು ಉಬ್ಬುವುದು ಅಂಗೈಗೆ ತಿಳಿಯುತ್ತದೆ. ನನ್ನ ಕೈ ಐವತ್ತು ವರ್ಷ ಹಿಂದಕ್ಕೆ ಹೋದದ್ದು ಆ ಗಳಿಗೆಯಲ್ಲಿ. ಹಣ್ಣನ್ನು ಅಂಗೈಯಲ್ಲಿ ಹಿಡಿದಾಗಿನ ಅದೇ ಒತ್ತಡ, ಈಗ ಒಳಗಿನಿಂದ.

ನೆನಪು ಆಕಾರವನ್ನು ತಿದ್ದಬೇಕಾದದ್ದೂ ಇಲ್ಲೇ. ಹಣ್ಣನ್ನು ಹಣ್ಣಿನಂತೆಯೇ ಮುಗಿಸಿದರೆ ಅದು ತೋಟಗಾರಿಕೆ ಪ್ರದರ್ಶನದ ಮಾದರಿಯಾಗುತ್ತದೆ. ಆ ಅಡುಗೆಮನೆಯಲ್ಲಿ ನನಗೆ ಅತಿ ಗಾಢವಾಗಿ ಉಳಿದದ್ದೇನು ಎಂದು ಕೇಳಿಕೊಂಡೆ. ಕುದಿಯುವ ಮಡಕೆಯೊಳಗೆ ಬಗ್ಗಿ ನೋಡಿದಾಗ ಕಂಡ ಕಪ್ಪು. ಹಾಗಾಗಿ ತೊಟ್ಟಿನ ಕುಳಿಯಿಂದ ಎರಡು ಏಣುಗಳ ನಡುವೆ ಒಂದು ಸೀಳು ಬಿಟ್ಟೆ, ಮೂರು ಬೆರಳು ಅಗಲ. ಹೊರಗೆ ಹಣ್ಣು, ಸೀಳಿನಲ್ಲಿ ಬಗ್ಗಿ ನೋಡಿದರೆ ಮಡಕೆಯ ಒಳಗು. ಎರಡು ನೆನಪು ಒಂದೇ ಗೋಡೆಯ ಎರಡು ಮುಖ. ನಿಮ್ಮ ಶಿಲ್ಪಕ್ಕೂ ಇಂತಹ ಒಂದೇ ಒಂದು ಬದಲಾವಣೆ ಸಾಕು. ಮೂರು ನಾಲ್ಕು ಸೇರಿಸಲು ಹೋದರೆ ಯಾವುದೂ ನಿಲ್ಲುವುದಿಲ್ಲ.

ಸೀಳಿಲ್ಲದ, ಪೂರ್ತಿ ಮುಚ್ಚಿದ ಆಕಾರವಾದರೆ ತಳದಲ್ಲಿ ಪೆನ್ಸಿಲ್ ಗಾತ್ರದ ತೂತು ಇರಲೇಬೇಕು. ಒಳಗಿನ ಗಾಳಿ ಹಿಗ್ಗಿ ಶಿಲ್ಪ ಒಡೆಯುತ್ತದೆ ಎಂದು ಹಲವರು ಹೇಳುತ್ತಾರೆ. ನಿಜವಾಗಿ ಒಡೆಯುವುದು ಮಣ್ಣಿನಲ್ಲಿ ಉಳಿದ ನೀರು ಆವಿಯಾದಾಗ. ತೂತಿದ್ದರೆ ಒಳಮೈಯೂ ಒಣಗುತ್ತದೆ, ಆವಿಗೆ ದಾರಿಯೂ ಆಗುತ್ತದೆ.

ಗೋಡೆ ತೊಗಲಿನ ಹದಕ್ಕೆ ಬಂದಾಗ, ಅಂದರೆ ಉಗುರು ಒತ್ತಿದರೆ ಗುರುತು ಬೀಳುವಷ್ಟು, ಬೆರಳು ಒತ್ತಿದರೆ ಬಾಗದಷ್ಟು ಗಟ್ಟಿಯಾದಾಗ, ಹೊಳೆಯ ನುಣುಪು ಕಲ್ಲಿನಿಂದ ಹೊರಮೈಯನ್ನು ತಿಕ್ಕಿ. ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ಮೈ ಹೊಳೆಯತೊಡಗುತ್ತದೆ. ತಗ್ಗುಗಳನ್ನು ತಿಕ್ಕಬೇಡಿ, ಅಲ್ಲಿ ಬೆರಳಚ್ಚು ಉಳಿಯಲಿ.

ಒಣಗಿಸುವುದು, ಅಂದರೆ ಕೊಡಗಿನ ಮಳೆಯೊಡನೆ ವ್ಯವಹಾರ

ಬಯಲುಸೀಮೆಯ ಪುಸ್ತಕಗಳು ಒಂದು ವಾರ ಒಣಗಿಸಿ ಎಂದು ಹೇಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಾಸಿಗೆ ಬಟ್ಟೆಯೇ ಒಣಗುವುದಿಲ್ಲ, ಮಣ್ಣು ಹೇಗೆ ಒಣಗೀತು? ನನ್ನ ಲೆಕ್ಕ ಇದು: ಮಳೆಗಾಲದಲ್ಲಿ ಹಣ್ಣು ನೋಡಿ, ಅಚ್ಚು ತೆಗೆದುಕೊಳ್ಳಿ, ಚಿತ್ರ ಬರೆಯಿರಿ. ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಗದ್ದೆಯಿಂದ ಮಣ್ಣು ತಂದು, ಜನವರಿಯ ಹೊತ್ತಿಗೆ ಕಟ್ಟಿ, ಫೆಬ್ರುವರಿಯಲ್ಲಿ ಒಣಗಿಸಿ. ಒಂದು ಶಿಲ್ಪಕ್ಕೆ ಒಂದು ವರ್ಷ ಹಿಡಿದರೆ ಅದರಲ್ಲಿ ತಪ್ಪೇನಿಲ್ಲ.

ಮೊದಲ ವಾರ ಇಡೀ ಶಿಲ್ಪಕ್ಕೆ ಪತ್ರಿಕೆ ಸುತ್ತಿ, ದಿನವೂ ಹಾಳೆ ಬದಲಿಸಿ. ಏಣಿನ ತುದಿ, ತೊಟ್ಟಿನಂತಹ ತೆಳು ಭಾಗಗಳಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿ, ಅವು ಮುಂದೋಡದಂತೆ ತಡೆಯಿರಿ. ಎರಡನೆಯ ವಾರ ಬಿಚ್ಚಿ ನೆರಳಲ್ಲಿ ಇಡಿ. ತಳಕ್ಕೆ ಗಾಳಿಯಾಡಲು ಎರಡು ರೀಪಿನ ಮೇಲೆ ಕೂರಿಸಿ. ಮೂರನೆಯ ವಾರ ಬಿಸಿಲಿಗೆ. ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಒಣಗಿದೆಯೇ ಎಂದು ತಿಳಿಯುವುದು ಹೇಗೆ? ನನ್ನ ಎರಡನೆಯ ಶಿಲ್ಪವನ್ನು ಜುಲೈಯಲ್ಲಿ ಅವಸರಪಟ್ಟು ಪರಿಚಯದವರೊಬ್ಬರ ಸಣ್ಣ ವಿದ್ಯುತ್ ಕುಲುಮೆಯಲ್ಲಿಟ್ಟೆ. ಬಣ್ಣ ತಿಳಿಯಾಗಿತ್ತು, ಒಣಗಿದೆ ಎಂದುಕೊಂಡಿದ್ದೆ. ಎರಡನೆಯ ಗಂಟೆಗೆ ಒಳಗಿನಿಂದ ತೆಂಗಿನಕಾಯಿ ಒಡೆದಂತಹ ಶಬ್ದ. ಮರುದಿನ ತೆರೆದಾಗ ಆರು ವಾರಗಳ ಕೆಲಸ ಅಂಗೈ ಅಗಲದ ಚೂರುಗಳಾಗಿತ್ತು. ಚೂರೊಂದನ್ನು ಕುಶಾಲನಗರದ ಸಂತೆಗೆ ಮಡಕೆ ತರುತ್ತಿದ್ದ ಹಿರಿಯ ಕುಂಬಾರರಿಗೆ ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. ಪಕ್ಕದಲ್ಲಿದ್ದ ಸುಡದ ಹಣತೆಯೊಂದನ್ನು ಎತ್ತಿ ನನ್ನ ಕೈಗಿತ್ತು, "ಕಣ್ಣು ಮೋಸ ಹೋಗುತ್ತದೆ ನೋಡಮ್ಮ, ಕೆನ್ನೆಗೆ ಹಿಡಿ" ಎಂದರು. ಹಿಡಿದೆ. ತಣ್ಣಗಿತ್ತು. "ತಣ್ಣಗಿದ್ದರೆ ಒಳಗೆ ನೀರಿದೆ. ಒಲೆಗೆ ಹಾಕಬೇಡ" ಎಂದಷ್ಟೇ ಹೇಳಿ ಗಿರಾಕಿಯ ಕಡೆ ತಿರುಗಿದರು.

ಅಂದಿನಿಂದ ಕೆನ್ನೆಗೆ ಹಿಡಿಯದೆ ಒಂದನ್ನೂ ಸುಟ್ಟಿಲ್ಲ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುವುದರಿಂದ ತೇವವಿರುವ ಮಣ್ಣು ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಜೊತೆಗೆ ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡಿ. ಮೂರು ದಿನ ತೂಕ ಇಳಿಯದೆ ನಿಂತರೆ ಒಣಗಿದಂತೆ.

ಸುಡುವುದು

ಇದಕ್ಕೆ ಎರಡು ದಾರಿ. ವಿದ್ಯುತ್ ಕುಲುಮೆ ಸಿಗುವವರು ಮೊದಲ ಸುಡುವಿಕೆಯನ್ನು ಅದರಲ್ಲೇ ಮಾಡಲಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ 85ರಿಂದ 90 ಡಿಗ್ರಿಯಲ್ಲಿ ಕುಲುಮೆಯ ಬಾಗಿಲನ್ನು ಒಂದು ಬೆರಳು ತೆರೆದು ಮೂರು ಗಂಟೆ ನಿಲ್ಲಿಸಿ. ಕನ್ನಡಿಯೊಂದನ್ನು ಬಾಗಿಲ ಸಂದಿನ ಮುಂದೆ ಹಿಡಿದರೆ ಮಂಜು ಕಟ್ಟುತ್ತದೆಯೇ ಎಂದು ತಿಳಿಯುತ್ತದೆ. ಕಟ್ಟುವುದು ನಿಂತ ಮೇಲೆ ಗಂಟೆಗೆ 80ರಿಂದ 100 ಡಿಗ್ರಿಯಂತೆ 600ರವರೆಗೆ ಏರಿಸಿ. ಈ ನಡುವೆ ಎರಡು ಸಂಗತಿ ನಡೆಯುತ್ತವೆ. 450 ದಾಟಿದ ಮೇಲೆ ಮಣ್ಣಿನ ಕಣದೊಳಗೇ ರಾಸಾಯನಿಕವಾಗಿ ಬೆಸೆದುಕೊಂಡಿದ್ದ ನೀರು ಬಿಟ್ಟುಹೋಗುತ್ತದೆ, ಇನ್ನು ಅದು ಮತ್ತೆಂದೂ ಕೆಸರಾಗದು. 573 ಡಿಗ್ರಿಯಲ್ಲಿ ಮರಳಿನ ಸ್ಫಟಿಕ ಶಿಲೆ ಒಮ್ಮೆಲೇ ಹಿಗ್ಗುತ್ತದೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಇಲ್ಲಿ ನಿಧಾನ ಬೇಕು. 900ರಿಂದ 950 ಡಿಗ್ರಿಗೆ ನಿಲ್ಲಿಸಿ. 1,000 ದಾಟಿದರೆ ಕಲ್ಲಿನಲ್ಲಿ ತಿಕ್ಕಿ ತಂದ ಹೊಳಪು ಮಂಕಾಗುತ್ತದೆ. ಒಳಗಿನ ಬಿಸಿ 100ಕ್ಕಿಂತ ಕೆಳಗಿಳಿಯುವವರೆಗೆ ಬಾಗಿಲು ತೆರೆಯಬೇಡಿ. ಕುಲುಮೆ ಇಲ್ಲದವರು ಹತ್ತಿರದ ಕುಂಬಾರರನ್ನು ಕೇಳಿ, ತಕ್ಕ ಹಣ ಕೊಟ್ಟು ಅವರು ಮಡಕೆ ಸುಡುವ ಆವಿಗೆಯಲ್ಲಿ ಒಂದು ಮೂಲೆ ಪಡೆಯಿರಿ. ಶಿಲ್ಪವನ್ನು ಒಯ್ಯುವಾಗ ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಹುಗಿದಿಡಿ, ಸುಡದ ಮಣ್ಣು ಬಿಸ್ಕತ್ತಿಗಿಂತ ಬೇಗ ಮುರಿಯುತ್ತದೆ.

ಬಣ್ಣದ ಗ್ಲೇಸ್, ಅಂದರೆ ಸುಟ್ಟಾಗ ಗಾಜಿನಂತೆ ಕರಗಿ ಕೂರುವ ಲೇಪದ ಬಗ್ಗೆ ಹಲವರು ಕೇಳುತ್ತಾರೆ. ಕಾಫಿ ಸೌದೆಯ ಬೂದಿಯಿಂದ ಗ್ಲೇಸ್ ಮಾಡಬಹುದೇ ಎಂದು ನನಗೂ ಆಸೆಯಿತ್ತು. ಬೂದಿಯ ಗ್ಲೇಸ್ ಕರಗಲು 1,200 ಡಿಗ್ರಿಗೂ ಮೇಲಿನ ಶಾಖ ಬೇಕು. ಆ ಶಾಖದಲ್ಲಿ ನಮ್ಮ ಕಬ್ಬಿಣಭರಿತ ಗದ್ದೆಮಣ್ಣು ಉಬ್ಬಿ, ಬಾಗಿ, ಕರಗಿಬಿಡಬಹುದು. ಅದಕ್ಕೆ ಹೆಚ್ಚು ಶಾಖ ತಾಳುವ ಸ್ಟೋನ್‌ವೇರ್ ಮಣ್ಣನ್ನೇ ಕೊಂಡು ತಂದು ಬೇರೆಯಾಗಿ ಕಲಿಯಬೇಕು. ಆ ದಾರಿ ಹಿಡಿಯುವವರು ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿಯ ಕೆಲಸಗಳನ್ನು ನೋಡಲಿ, ಹೆಚ್ಚು ಶಾಖದ ಮಣ್ಣಿನ ಕಲೆಯನ್ನು ನಮ್ಮ ದೇಶದಲ್ಲಿ ಬೆಳೆಸಿದ ಜಾಗ ಅದು. ಗದ್ದೆಮಣ್ಣಿಗೆ ಒಪ್ಪುವ ಬಣ್ಣ ಬೆಂಕಿ ಮತ್ತು ಹೊಗೆಯದ್ದು.

ಎರಡನೆಯ ಸುಡುವಿಕೆ ಇರುವುದು ಆ ಬಣ್ಣಕ್ಕಾಗಿಯೇ. ಮೊದಲು ಸುಟ್ಟ ಶಿಲ್ಪ ಕೆಂಪಗಿರುತ್ತದೆ, ಮಣ್ಣಿನ ಕಬ್ಬಿಣ ಆಮ್ಲಜನಕದೊಡನೆ ಸೇರಿ ಆದ ಕೆಂಪು. ಗಾಳಿ ಸಿಗದ ಹೊಗೆಯಲ್ಲಿ ಅದೇ ಮಣ್ಣು ಮಸಿ ಕುಡಿದು ಕಪ್ಪಾಗುತ್ತದೆ. ನನಗೆ ಹೊರಗು ಕೆಂಪಾಗಿ, ಒಳಗು ಮಾತ್ರ ಕಪ್ಪಾಗಿ ಬೇಕಿತ್ತು. ಹಳೆಯ ಕಬ್ಬಿಣದ ಡ್ರಮ್ಮಿನ ಕೆಳಭಾಗಕ್ಕೆ ಸುತ್ತಲೂ ಎಂಟು ಹತ್ತು ತೂತು ಹೊಡೆಸಿ, ಒಂದು ಮೊಳ ಒಣ ಭತ್ತದ ಹೊಟ್ಟು ತುಂಬಿ. ಶಿಲ್ಪದ ಒಳಗೂ ಹೊಟ್ಟನ್ನು ಬಿಗಿಯಾಗಿ ತುಂಬಿ, ಸೀಳು ಕೆಳಮುಖವಾಗುವಂತೆ ಹೊಟ್ಟಿನೊಳಗೆ ಮೂರನೆಯ ಒಂದು ಭಾಗ ಹುಗಿದಿಡಿ. ಮೇಲ್ಭಾಗದ ಸುತ್ತ ಕಾಫಿ ಗಿಡದ ರೆಂಬೆ ಸವರಿದಾಗ ಸಿಗುವ ಒಣ ಕಡ್ಡಿಗಳನ್ನು ಸಡಿಲವಾಗಿ ಪೇರಿಸಿ ಮೇಲಿನಿಂದ ಬೆಂಕಿ ಹಚ್ಚಿ. ಕಡ್ಡಿ ಗಾಳಿಯಲ್ಲಿ ಉರಿದು ಹೊರಮೈಯನ್ನು ಕೆಂಪಾಗಿಯೇ ಉಳಿಸುತ್ತದೆ, ಹುಗಿದ ಭಾಗ ಮತ್ತು ಒಳಗು ಹೊಟ್ಟಿನ ಹೊಗೆಯಲ್ಲಿ ಗಂಟೆಗಟ್ಟಲೆ ಕುದಿಯುತ್ತವೆ. ಉರಿ ಇಳಿದ ಮೇಲೆ ತಗಡು ಮುಚ್ಚಿ, ತೂತುಗಳಿಗೆ ಒದ್ದೆ ಮಣ್ಣು ಮೆತ್ತಿ, ಮರುದಿನದವರೆಗೆ ಮುಟ್ಟಬೇಡಿ. ಬಿಸಿಯಿರುವಾಗಲೇ ಗಾಳಿ ತಾಗಿದರೆ ಹಿಡಿದ ಮಸಿ ಮತ್ತೆ ಉರಿದು ಹೋಗುತ್ತದೆ.

ಕಾಫಿ ಕಣದ ಸಿಮೆಂಟಿನ ಮೇಲೆ ಡ್ರಮ್ ಇಡಬೇಡಿ, ಶಾಖಕ್ಕೆ ಸಿಮೆಂಟು ಸಿಡಿಯುತ್ತದೆ. ಬರಿ ನೆಲದ ಮೇಲೆ, ಸುತ್ತ ಹತ್ತು ಹೆಜ್ಜೆ ತರಗೆಲೆ ಗುಡಿಸಿ, ಎರಡು ಕೊಡ ನೀರು ಪಕ್ಕದಲ್ಲಿಟ್ಟುಕೊಂಡು ಗಾಳಿಯಿಲ್ಲದ ಬೆಳಗಿನಲ್ಲಿ ಸುಡಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಮೊದಲ ಹೂಮಳೆ ಬೀಳುವ ತನಕ ಯಾರೂ ಬಯಲಲ್ಲಿ ಬೆಂಕಿ ಹಾಕಬಾರದು, ಒಣಗಿದ ಕಾಡು ಒಂದು ಕಿಡಿಗೆ ಕಾದಿರುತ್ತದೆ. ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ನೆಲ ತಣಿದಿರುತ್ತದೆ, ಆಗ ಸುಡಿ.

ಮರುದಿನ ಬೂದಿ ಸರಿಸಿ ಎತ್ತಿದಾಗ ನನ್ನ ಪಣಪುಳಿಯ ಏಣುಗಳು ಕೆಂಪಗೆ ಹೊಳೆಯುತ್ತಿದ್ದವು, ಹೊಟ್ಟಿನ ಗೆರೆಯವರೆಗೆ ಹೊಗೆ ಮೇಲೇರಿ ಬೂದು ಮೋಡದಂತೆ ಕರಗಿತ್ತು. ಸೀಳಿನಲ್ಲಿ ಕಣ್ಣಿಟ್ಟೆ. ಒಳಗೆ ಗೋಡೆ ಎಲ್ಲಿ ಮುಗಿಯುತ್ತದೆ ಎಂದು ಕಾಣದಷ್ಟು ಕಪ್ಪು. ತೊಟ್ಟಿನ ಬಳಿ ಒಂದು ಕೂದಲೆಳೆಯ ಬಿರುಕೂ ಇತ್ತು. ಅದನ್ನು ನಾನು ಮುಚ್ಚಲಿಲ್ಲ. ನಿಮಗೆ ಮುಚ್ಚಲೇಬೇಕೆನಿಸಿದರೆ ಇಟ್ಟಿಗೆಯ ನಯವಾದ ಪುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ ತುಂಬಬಹುದು.

ಎಲ್ಲಿಡುವುದು

ಮನೆಯೊಳಗಾದರೆ ವರ್ಷಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಂಗಳದಲ್ಲಿಡುವುದಾದರೆ ನೆಲಕ್ಕೆ ತಾಗಿಸದೆ ಮೂರು ಕಲ್ಲಿನ ಮೇಲೆ ಕೂರಿಸಿ, ತಳದಲ್ಲಿ ತೂತಿದ್ದರೆ ಅದು ಮುಚ್ಚಿಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಸೊಳ್ಳೆಗಳ ಮನೆಯಾಗುತ್ತದೆ. ಮೊದಲ ಮಳೆಗಾಲದಲ್ಲಿ ತಗ್ಗುಗಳಲ್ಲಿ ಹಸಿರು ಛಾಯೆ ಮೂಡುತ್ತದೆ, ಎರಡನೆಯದರಲ್ಲಿ ಪಾಚಿ ಕೂರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಹೊಳಪೂ ಅದರೊಡನೆ ಕಿತ್ತುಬರುತ್ತದೆ. ನನ್ನದು ಪಣಪುಳಿ ಮರದ ಬುಡದಲ್ಲೇ ಇದೆ. ಕಳೆದ ಕಕ್ಕಡದಲ್ಲಿ ಉದುರಿದ ಹಣ್ಣೊಂದು ಅದರ ಸೀಳಿನಲ್ಲಿ ಸಿಕ್ಕಿಕೊಂಡಿತ್ತು, ಹಾಗೆಯೇ ಬಿಟ್ಟಿದ್ದೇನೆ.